ತಲೆಗೊಂದು ಪಾಲು

ಕ್ರಿಸ್ಮಸ್ ಬೆಳಗ್ಗೆ ಚರ್ಚಿನ ಅಂಗಳದಲ್ಲಿ ನಾಲ್ಕು ಹಂದಿ ಕೆಡವಿದ್ದರು. ಚೂಪು ಬಿದಿರು ಎದೆಗಿಳಿದಾಗ ಅವು ಅರಚಿದ್ದು ನಾಗಾ ಗುಡ್ಡದ ಆ ಊರಿಗೆಲ್ಲ ಕೇಳಿಸಿತ್ತು. ಮಾಂಸ ಗುಡ್ಡೆ ಹಾಕಿಯಾದ ಮೇಲೆ ಪಾಸ್ಟರ್ ತೊನ್ಯೆ ಕೂಗಿದ: "ಬನ್ರೋ ಎಲ್ಲಾ, ತಲೆಗೊಂದು ಪಾಲು!"

ಮುದುಕ ಮನ್‌ಪೊಂಗ್ ಮೂರು ಬಾಳೆಲೆ ಹಿಡಿದು ಬಂದ. ಹಿಂದಿನ ತಿಂಗಳಷ್ಟೇ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವನು. ಮುಖದ ತುಂಬ ಹಚ್ಚೆ. ವೈರಿಯ ತಲೆ ಕಡಿದು ತಂದವನಿಗಷ್ಟೇ ಊರು ಚುಚ್ಚಿಸುತ್ತಿದ್ದ ಹಚ್ಚೆ. ಅಂಥವನಿಗೆ ಹಿಂದೆಲ್ಲ ಮಾಂಸದಲ್ಲಿ ಮೊದಲ ಪಾಲು, ದೊಡ್ಡ ಪಾಲು. ಹೊಸ ದೇವರೂ ಅದನ್ನು ಮರೆತಿಲ್ಲವೆಂದು ಅವನ ಎದೆ ಉಬ್ಬಿತ್ತು.

"ಮೂರೆಲೆ ಯಾಕಜ್ಜಾ? ಮನೇಲಿ ನೀನೊಬ್ಬನೇ ಅಲ್ವಾ?"

"ನೀನೇ ಕೂಗಿದ್ಯಲ್ಲಪ್ಪಾ, ತಲೆಗೊಂದು ಅಂತ. ನಾನು ತಂದಿದ್ದು ಮೂರು ತಲೆ."

ಮಾಂಸ ಕೊಚ್ಚುತ್ತಿದ್ದ ಯೊಂಗ್ನಾಳ ಕೈ ನಿಂತಿತು. ಹೊಳೆಯಾಚೆಯ ಊರಿಂದ ಸೊಸೆಯಾಗಿ ಬಂದವಳು. ಆ ಮೂರರಲ್ಲಿ ಒಂದು ಅವಳ ಅಣ್ಣನದು.

"ನಮ್ಮಣ್ಣನ ತಲೆ ಲೆಕ್ಕಕ್ಕೆ ಹಂದಿ ತಿಂತೀಯೇನೋ!"

ಒಲೆಯಿಂದ ಕೊಳ್ಳಿ ಎಳೆದು ಅವನ ಮುಖಕ್ಕೆ ಬಾರಿಸಿದಳು. ಚರ್ಮ ಚುರ್ರೆಂದಿತು. ಮುದುಕನ ಕೈ ಯೋಚಿಸಲಿಲ್ಲ. ಸೊಂಟದ ಕತ್ತಿ ಹಿರಿದು ಬೀಸಿದ. ನಡುವೆ ನುಗ್ಗಿದ ತೊನ್ಯೆಯ ಎರಡು ಬೆರಳು ಮಾಂಸದ ಗುಡ್ಡೆಯ ಮೇಲೆ ಬಿದ್ದವು.

ಗಂಡಸರೆಲ್ಲ ಮುಗಿಬಿದ್ದರು. ಒನಕೆಯಿಂದ ಜಜ್ಜಿದರು, ಒದ್ದರು. ಪಕ್ಕೆಲುಬು ಮುರಿದ ಸದ್ದು ಮನ್‌ಪೊಂಗನಿಗೇ ಕೇಳಿಸಿತು. ಹಲ್ಲು ಉಗುಳಿದ. ಪಾಸ್ಟರನ ರಕ್ತ ಹರಿಸಿಯಾಯಿತು. ಇನ್ನು ತನಗೆ ಹೊಳೆಯ ಸ್ನಾನವೂ ಇಲ್ಲ, ದೇವರೂ ಇಲ್ಲ.

"ನನ್ ತಲೆ ಕಡೀರಿ ಬೇಗ," ಎಂದ.

"ಬಿಡ್ರೋ ಅವನನ್ನ!" ತೊನ್ಯೆ ಬಿಳಿಚಿಕೊಂಡಿದ್ದ. ಕೈಗೆ ಸುತ್ತಿದ ಬಟ್ಟೆ ತೊಟ್ಟಿಕ್ಕುತ್ತಿತ್ತು. "ನಾನು ಹೇಳಿದ್ದು ಭುಜದ ಮೇಲಿರೋ ತಲೆ. ಅವನಿಗೂ ಒಂದಿದೆ. ಯೊಂಗ್ನಕ್ಕಾ, ಅವನ ಪಾಲು ಹಾಕು."

"ನನ್ ಕೈಲಾಗಲ್ಲ."

"ನನ್ ಕೈಲೂ ಆಗಲ್ಲ, ನೋಡು," ಎಂದು ಆತ ಆ ಕೈಯನ್ನೇ ಎತ್ತಿ ತೋರಿಸಿದ.

ಯೊಂಗ್ನಾ ಮಾಂಸದ ಗುಡ್ಡೆಯ ಮುಂದೆ ಕುಕ್ಕರಿಸಿದಳು. ಬೆರಳೆರಡನ್ನು ಆರಿಸಿ ಪಕ್ಕಕ್ಕಿಟ್ಟಳು. ಮಿಕ್ಕವರಿಗೆ ಹಾಕಿದಷ್ಟೇ ಮಾಂಸ ಎಲೆಯಲ್ಲಿ ಕಟ್ಟಿ ಮುದುಕನ ಎದೆಯ ಮೇಲೆ ಎಸೆದಳು.

"ಬೇಡ ತಾಯಿ. ನಾನಿದಕ್ಕೆ ಯೋಗ್ಯನಲ್ಲ."

"ಯೋಗ್ಯ ಅಂತ ಯಾರು ಕೊಟ್ರೋ ನಿಂಗೆ? ಬಾಯ್ಮುಚ್ಕೊಂಡು ಹಿಡ್ಕೊ."

ಅವನು ಹಿಡಿದುಕೊಂಡ. ತಂದಿದ್ದ ಮೂರೂ ಬಾಳೆಲೆ ಜನರ ಕಾಲಡಿ ಸಿಕ್ಕು ಹರಿದುಹೋಗಿದ್ದವು.