ಸೊಟ್ಟ ಬಾಲದ ಗ್ಲೈಡರ್

ನಮ್ಮ ವಿಶ್ವವಿದ್ಯಾಲಯದ ವಿಮಾನ ವಿಭಾಗದ ಹಳೆ ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಈ ವರ್ಷ ‘ಮನೆಮನೆಯಿಂದ ಗ್ಲೈಡರ್ ಸ್ಪರ್ಧೆ’ ಎಂದು ಅಚ್ಚಾಗಿದೆ. ಮನೆಯಿಂದ ಎಸೆದವರು ಯಾರು? ಒಬ್ಬರೂ ಇಲ್ಲ. ಅಷ್ಟನ್ನೂ ಎಸೆದದ್ದು ನಾನು. ಭುಜ ಇನ್ನೂ ನೋಯುತ್ತಿದೆ.

ಇಲ್ಲಿ ಕ್ಯಾನ್ಸಸ್‌ನಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಹಗುರ ಮರದಲ್ಲಿ ಎಂಜಿನ್ ಇಲ್ಲದ ಪುಟ್ಟ ಗ್ಲೈಡರ್ ಮಾಡಿ, ವಿಮಾನ ನಿಲ್ಲಿಸುವ ಹ್ಯಾಂಗರಿನ ಅಟ್ಟದಿಂದ ಎಸೆಯಬೇಕು. ಯಾರದ್ದು ಹೆಚ್ಚು ಹೊತ್ತು ಹಾರುತ್ತದೋ ಅವರ ಹೆಸರು ಗೋಡೆಗೆ ನೇತುಹಾಕಿದ ಹಳೇ ವಿಮಾನದ ಪ್ರೊಪೆಲ್ಲರಿನ ಮೇಲೆ, ಫೋಟೋ ಪತ್ರಿಕೆಯ ಮುಖಪುಟದಲ್ಲಿ. ಈ ವಸಂತದಲ್ಲಿ ಕೊರೋನಾ ಬಂದು ಎಲ್ಲರನ್ನೂ ಮನೆಗೆ ಅಟ್ಟಿದರು. ವಿಮಾನದ ಮಾದರಿಗಳನ್ನು ಪರೀಕ್ಷಿಸುವ ಗಾಳಿ ಸುರಂಗದ ಯಂತ್ರ ನೋಡಿಕೊಳ್ಳುವ ನನಗೊಬ್ಬನಿಗೆ ಒಳಗೆ ಬರಲು ಅನುಮತಿ. ಹೈಸ್ಕೂಲು ಮುಗಿಸದವನ ಜೇಬಿನಲ್ಲಿ ಇಡೀ ಕಟ್ಟಡದ ಬೀಗದಕೈ. “ಗ್ಲೈಡರುಗಳನ್ನು ಅಂಚೆಯಲ್ಲಿ ಕಳಿಸಿ, ಟ್ರೆಂಟ್ ಎಸೆಯುತ್ತಾನೆ” ಎಂದು ಮುಖ್ಯಸ್ಥ ಲಿಂಡ್‌ಕ್ವಿಸ್ಟ್ ನನ್ನನ್ನು ಕೇಳದೆಯೇ ಎಲ್ಲರಿಗೂ ಬರೆದುಬಿಟ್ಟರು.

ಪೆಟ್ಟಿಗೆಗಳು ಬಂದವು. ಮಾರಿಸೋಲ್ ಎಂಬ ಹುಡುಗಿಯದ್ದು ಚಪ್ಪಟೆಯಾಗಿ ಬಂತು. ಗ್ಲೈಡರಿನ ಬಾಲ ಮುರಿದಿತ್ತು. ಫೋನ್ ಮಾಡಿದೆ.

“ಅಂಟಿಸು,” ಎಂದಳು.

“ನಾನು ಕಬ್ಬಿಣ ಬಡಿಯೋನು. ಇಂಥ ಗುಬ್ಬಚ್ಚಿ ಕೆಲಸ ನಂಗೆ ಬರಲ್ಲ.”

“ನೋಡು ಟ್ರೆಂಟ್, ಪದವಿ ಸಮಾರಂಭ ರದ್ದಾಗಿದೆ. ಅಮ್ಮ ಅದಕ್ಕೇ ಅಂತ ತಾನು ಹಾಕ್ಕೊಳ್ಳೋಕೆ ಹಳದಿ ಗೌನು ತಂದಿಟ್ಟಿದ್ಲು. ಅವಳು ಕೆಲಸ ಮಾಡೋ ಮಾಂಸದ ಕಾರ್ಖಾನೆ ಮುಚ್ಚಿಲ್ಲ, ಈಗ್ಲೂ ದಿನಾ ಡ್ಯೂಟಿ. ಆ ಮುಖಪುಟ ಒಂದನ್ನಾದ್ರೂ ಅವಳ ಕೈಗೆ ಕೊಡ್ಬೇಕು ನಾನು. ಅಂಟಿಸು.”

ಅಂಟಿಸಿದೆ. ಒಣಗಿದ ಮೇಲೆ ನೋಡಿದರೆ ಬಾಲ ಎಡಕ್ಕೆ ಸೊಟ್ಟ. ಫೋಟೋ ಕಳಿಸಿ, ಬಿಚ್ಚಲು ಹೋದರೆ ಪುಡಿಯಾಗುತ್ತದೆ ಎಂದೂ ಬರೆದೆ. “ಕೊಲೆಗಾರ,” ಎಂದು ಉತ್ತರ ಬಂತು. ಸ್ವಲ್ಪ ಹೊತ್ತಿನ ಮೇಲೆ, “ಇರ್ಲಿ, ಹಂಗೇ ಎಸಿ.”

ಸ್ಪರ್ಧೆಯ ದಿನ ಮಾಸ್ಕ್ ಹಾಕಿಕೊಂಡು ಅಟ್ಟ ಹತ್ತಿದೆ. ಪಕ್ಕದಲ್ಲಿಟ್ಟ ಲ್ಯಾಪ್‌ಟಾಪಿನ ತುಂಬ ಮುಖಗಳು, ಹೊಸಬರು, ಹಳಬರು.

“ಮೂತಿ ಸ್ವಲ್ಪ ಕೆಳಗೆ, ಟ್ರೆಂಟ್.”

“ಮೊಣಕೈ ಮಡಿಸ್ಬೇಡಪ್ಪಾ.”

“ಎಲ್ರೂ ಮೈಕ್ ಆಫ್ ಮಾಡ್ಕೊಳ್ಳಿ,” ಎಂದೆ. ಒಬ್ಬರೂ ಮಾಡಿಕೊಳ್ಳಲಿಲ್ಲ.

ಮೊದಲನೆಯ ಗ್ಲೈಡರ್ ನೆಟ್ಟಗೆ ಹೋಗಿ ಎದುರು ಗೋಡೆಗೆ ಬಡಿಯಿತು. ಎರಡನೆಯದೂ ಅಷ್ಟೇ. ಮೂರನೆಯದರ ಮೂತಿಯೇ ಹೋಯಿತು. ಸೋಂಕಿನ ನಿಯಮ ಹೇಗಿತ್ತೆಂದರೆ, ಒಳಗೆ ಮನುಷ್ಯನಿದ್ದರೆ ಹ್ಯಾಂಗರಿನ ದೊಡ್ಡ ಫ್ಯಾನುಗಳು ಪೂರ್ತಿ ಜೋರಾಗಿ ತಿರುಗಲೇಬೇಕು. ಆ ಗಾಳಿಯೇ ಗ್ಲೈಡರುಗಳನ್ನು ಗೋಡೆಗೆ ನೂಕುತ್ತಿತ್ತು. ಗಾಳಿಯನ್ನೇ ಓದಿದ ಅಷ್ಟು ಜನಕ್ಕೆ ಅದು ಮೊದಲೇ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ, ದಿನಾ ಅದೇ ಗಾಳಿಗೆ ಹಾರಿದ ಟೊಪ್ಪಿಯ ಹಿಂದೆ ಓಡುತ್ತಿದ್ದರೂ.

“ಫ್ಯಾನ್ ನಿಲ್ಸು,” ಎಂದ ಒಬ್ಬ ಹಳೆ ವಿದ್ಯಾರ್ಥಿ, ಬಿಳಿಗಡ್ಡದವನು.

“ನಿಲ್ಸಿದ್ರೆ ನಾನು ಆಚೆ ಹೋಗ್ಬೇಕು. ಎಸೆಯೋರು ಯಾರು, ನಿಮ್ಮ ತಾತನಾ?”

“ತಾತ ತೀರ್ಕೊಂಡ. ನಾನೇ ಬರ್ಲಾ?”

ಎಲ್ಲರೂ ನಕ್ಕರು. ನನಗೂ ನಗು ಬಂತು, ಮಾಸ್ಕ್ ಇದ್ದದ್ದರಿಂದ ಮಾನ ಉಳಿಯಿತು.

ಕೊನೆಗೆ ಮಾರಿಸೋಲಳದ್ದು. ಅದೂ ಗೋಡೆಯ ಕಡೆಗೇ ಧಾವಿಸಿತು. ಆದರೆ ಬಾಲ ಸೊಟ್ಟ ತಾನೆ, ಗೋಡೆ ಮುಟ್ಟುವ ಮೊದಲೇ ಎಡಕ್ಕೆ ಹೊರಳಿತು. ಗೋಡೆಗೆ ಬಡಿದು ಮೇಲೇರುವ ಗಾಳಿ ಅದನ್ನು ಎತ್ತಿಕೊಂಡಿತು. ಹದ್ದಿನ ಹಾಗೆ ಸುತ್ತಿತು, ಸುತ್ತಿತು, ಇಳಿಯಲೇ ಒಲ್ಲದು. ಲ್ಯಾಪ್‌ಟಾಪಿನಲ್ಲಿ ಯಾರದೋ ಮನೆಯ ನಾಯಿಯೊಂದು ಬೊಗಳುತ್ತಿತ್ತು. ಕೊನೆಗೂ ಗ್ಲೈಡರ್ ನೆಲ ಮುಟ್ಟಿತು. ಉಳಿದ ಯಾವುದೂ ಅದರ ಅರ್ಧ ಹೊತ್ತೂ ಹಾರಿರಲಿಲ್ಲ.

ಲಿಂಡ್‌ಕ್ವಿಸ್ಟ್ ಅಭಿನಂದಿಸಲು ಬಾಯಿ ತೆರೆದರು. ಅಷ್ಟರಲ್ಲಿ ಮಾರಿಸೋಲ್, “ಸರ್, ನಾನು ಮಾಡಿದ ಬಾಲ ನೆಟ್ಟಗಿತ್ತು. ಸೊಟ್ಟ ಮಾಡಿದ್ದು ಟ್ರೆಂಟ್. ಇದು ನನ್ನದು ಅನ್ನೋಕಾಗಲ್ಲ,” ಎಂದಳು.

ನನಗೆ ಮೈಯೆಲ್ಲ ಉರಿಯಿತು. “ಬಾಯ್ಮುಚ್ಕೊಂಡು ಗೆಲ್ಲೋಕೆ ಆಗಲ್ವಾ ನಿಂಗೆ? ಹಳದಿ ಗೌನಿನ ಕಥೆ ಹೇಳಿದ್ದು ಯಾರು?”

ಲಿಂಡ್‌ಕ್ವಿಸ್ಟ್ ಕನ್ನಡಕ ತೆಗೆದರು. “ಮಾರಿಸೋಲ್, ಬಾಲ ಸೊಟ್ಟ ಅಂತ ನಿನಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು. ಫೋಟೋ ಕಳಿಸಿದ್ದ.”

“ಎಸಿ ಅಂದಿದ್ದು ಯಾರು?”

“ನಾನೇ.”

“ನಮ್ಮ ಕಸುಬಿನಲ್ಲಿ ಹಾರಬಹುದು ಅಂತ ಒಪ್ಪಿಗೆ ಕೊಟ್ಟವರದ್ದೇ ವಿಮಾನ, ಬಿದ್ರೂ ಅವರದ್ದೇ. ಬಿದ್ದಿದ್ರೆ ಟ್ರೆಂಟ್‌ನ ಬಯ್ತಿದ್ಯಾ?”

“ಬಯ್ತಿದ್ದೆ,” ಎಂದಳು. “ಆದ್ರೆ ಸೋತವಳು ನಾನೇ ಆಗಿರ್ತಿದ್ದೆ.”

“ಹಂಗಾದ್ರೆ ಗೆದ್ದಿದ್ದೂ ನೀನೇ.”

ಮುಖಪುಟದ ಫೋಟೋದಲ್ಲಿ ಅವಳು ಅಡುಗೆಮನೆಯಲ್ಲಿ ನಿಂತಿದ್ದಾಳೆ, ಪಕ್ಕದಲ್ಲಿ ಹಳದಿ ಗೌನಿನ ಅಮ್ಮ. ಪ್ರೊಪೆಲ್ಲರಿನ ಮೇಲೆ ಹೆಸರು ಬರೆಯುವ ಕೆಲಸವೂ ನನ್ನದೇ. ಬರೆದೆ. ಕೊನೆಯ ಅಕ್ಷರ ಎಡಕ್ಕೆ ವಾಲಿದೆ. ಒರೆಸುವ ಮೊದಲು ಮಾರಿಸೋಲಳಿಗೆ ಫೋಟೋ ಕಳಿಸಿದೆ.

“ಹಂಗೇ ಬಿಡು,” ಎಂದು ಉತ್ತರ ಬಂತು.