ನೀಲಿ ಕಿತ್ತಳೆ ದಾಸರ ಆರಾಧನೆ

ನಮ್ಮ ಭಜನಾ ಮಂಡಳಿಯಲ್ಲಿ ಹಾಡು ಮುಗಿದ ಮೇಲೆ ಚಪ್ಪಾಳೆ ತಟ್ಟುವಂತಿಲ್ಲ. ಕೈ ಮುಗಿಯಬೇಕು, ಕಣ್ಣು ಮುಚ್ಚಬೇಕು, ಬಾಯಿಯನ್ನಂತೂ ಮುಚ್ಚಲೇಬೇಕು. ಇದು ಭಜನೆ, ಆರ್ಕೆಸ್ಟ್ರಾ ಅಲ್ಲ. ಈ ನಿಯಮ ಮಾಡಿದವರು ನನ್ನ ಅತ್ತೆ ಕೃಷ್ಣವೇಣಿಬಾಯಿ. ಅವರು ತೀರಿಕೊಂಡ ಮೇಲೆ ಮಂಡಳಿಯ ತಾಳ ನನ್ನ ಕೈಗೆ ಬಂತು, ನಿಯಮವೂ ಅದರ ಜೊತೆಗೇ ಬಂತು. ನಾಗಪುರದ ಲಕ್ಷ್ಮೀ ನಗರದಲ್ಲಿ ಶೈಲಜಾಬಾಯಿ ಎಂದರೆ ಕನ್ನಡದ ಹೆಂಗಸರು ಸ್ವಲ್ಪ ಹೆದರುತ್ತಾರೆ. ಹೆದರಲಿ. ಹೆದರದಿದ್ದರೆ ಎರಡನೆಯ ಚರಣಕ್ಕೇ ಮನೆಯ ಕುಕ್ಕರಿನ ನೆನಪಾಗಿ ಏಳತೊಡಗುತ್ತಾರೆ.

ಅತ್ತೆಯವರು ಬಲು ಕಟ್ಟುನಿಟ್ಟು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯಲ್ಲಿ ಸಿನಿಮಾ ಹಾಡು ಗುನುಗಿದರೆ ಸೌಟಿನಿಂದ ಒಲೆಕಟ್ಟೆ ಕುಟ್ಟುತ್ತಿದ್ದರು. ಹಟವೂ ಅಷ್ಟೇ. ನಮ್ಮ ಮನೆಯ ಕಾಲಿನ ಹೊಲಿಗೆ ಮಷಿನ್ನಿಗೆ ಪೆಡಲ್ಲೇ ಇರಲಿಲ್ಲ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಊರಿನ ರವಿಕೆಗಳನ್ನೆಲ್ಲ ಹೊಲಿದರೇ ಹೊರತು, ಹೊಸ ಪೆಡಲ್ ಹಾಕಿಸೋಣವೆಂದರೆ ಒಪ್ಪಲಿಲ್ಲ. ಹಳೆಯದು ಎಲ್ಲಿ ಹೋಯಿತು ಎಂದು ಕೇಳಿದರೆ, "ಹೋತು ಒಂದು ಕಡೆ" ಎಂದು ಮಾತು ಮುಗಿಸುತ್ತಿದ್ದರು.

ಅಂಥವರಿಗೆ ಪ್ರಾಣವಾಗಿದ್ದ ಹಾಡು ಒಂದೇ.

ಕೆಂಡದೊಳಗೊಂದು ಕೊಳವ ಕಂಡೆ
ಕೊಳದೊಳಗುರಿಯುವ ಮೀನ ಕಂಡೆ
ಮೀನಿನ ಕಣ್ಣೊಳಗೂರ ಕಂಡೆ
ಊರೆಲ್ಲ ತಿರುಗಿದೆ, ನಾನೇ ಇಲ್ಲ, ನೀಲಿ ಕಿತ್ತಳೆಯೇ

ಇದನ್ನು ಹಾಡುವ ಕ್ರಮವೇ ಬೇರೆ. ಮೂರನೆಯ ಸಾಲಾದ ಮೇಲೆ ಎಲ್ಲರೂ ತೊಡೆ ತಟ್ಟಿ "ಧಡ್ ಧಡ್ ತಕ" ಎನ್ನಬೇಕು. ಪದ ಮುಗಿದ ಮೇಲೆ ಮೂಗಿನಲ್ಲಿ "ವಾಂವ್ ವಾಂವ್ ವಾಂವ್" ಎಂದು ಏರಿಸಿ ಇಳಿಸಬೇಕು. ಯಾಕೆ ಎಂದು ಕೇಳಿದ್ದಕ್ಕೆ ಅತ್ತೆಯವರು, "ಹಾಡಿನಾಗ ಅದ, ಹಾಡು" ಎಂದರು. ಹಾಡಿದೆವು. ನನ್ನ ಗಂಡನಿಗೆ ಧರಮಪೇಠದ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ನಡೆಯುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ಕೂತು ನಾನು ಇದನ್ನೇ ಹಾಡಿಕೊಂಡೆ, ವಾಂವ್ ವಾಂವ್ ಸಮೇತ. ನರ್ಸು ಬಂದು ನೀರು ಕೊಟ್ಟು ಹೋದಳು. ಗಂಡ ಉಳಿದರು. ಅಂದಿನಿಂದ ಆ ಹಾಡು ನನಗೆ ದೇವರಿಗೇ ಸಮ.

ಕೊನೆಯ ಸಾಲಿನ 'ನೀಲಿ ಕಿತ್ತಳೆ' ಯಾವ ದಾಸರ ಅಂಕಿತ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಮಾಡಿಕೊಡಲು ನಮ್ಮ ಕನ್ನಡ ಸಂಘದಲ್ಲಿ ಚಿದಂಬರ ಮಾಸ್ತರರಿದ್ದಾರೆ, ಕಾರ್ಯದರ್ಶಿಗಳು, ನಿವೃತ್ತಿಯಾದ ಮೇಲೆ ಸಂಶೋಧನೆಗೆ ಇಳಿದವರು. ನೀಲಿ ಎಂದರೆ ಕೃಷ್ಣನ ಮೈಬಣ್ಣ, ಕಿತ್ತಳೆ ಎಂದರೆ ಅವನು ಉಟ್ಟ ವಸ್ತ್ರ, ಕೆಂಡ ಸಂಸಾರ, ಮೀನು ಜೀವಾತ್ಮ ಎಂದು ಅವರು ಬಿಡಿಸಿ ಹೇಳಿದರು. ವಾಂವ್ ಎಂಬುದು ಜಲತತ್ತ್ವದ ಬೀಜಾಕ್ಷರವಂತೆ. ದಾಸರು ವಿಜಾಪುರದ ಕಡೆಯಿಂದ ಬರಿಗಾಲಲ್ಲಿ ವಿದರ್ಭಕ್ಕೆ ಬಂದವರಂತೆ. ಅವರು ದೇಹ ಬಿಟ್ಟ ತಿಥಿಯನ್ನೂ ಮಾಸ್ತರರು ಕಂಡುಹಿಡಿದರು. ಅದು ಪುಷ್ಯ ಮಾಸದ ಒಂದು ದ್ವಾದಶಿ. ಆ ಹೊತ್ತಿಗೆ ಪೇಟೆಯಲ್ಲಿ ಸಂತ್ರಾ, ಅಂದರೆ ನಾಗಪುರದ ಕಿತ್ತಳೆ, ಅಗ್ಗವಾಗಿರುತ್ತದೆ ಎಂಬುದು ಕೇವಲ ದೈವಯೋಗ.

ಹೀಗೆ ನೀಲಿ ಕಿತ್ತಳೆ ದಾಸರ ಆರಾಧನೆ ಶುರುವಾಯಿತು. ಈ ಸಲವಂತೂ ಭಾರೀ ಜೋರು. ಕಳಮನಾ ಮಾರ್ಕೆಟ್ಟಿನಿಂದ ಬುಟ್ಟಿಗಟ್ಟಲೆ ಸಂತ್ರಾ ಬಂತು, ವೇದಿಕೆಗೆ ಸಂತ್ರಾದ್ದೇ ತೋರಣ, ಗಡ್ಡ ಬಿಟ್ಟ ದಾಸರದೊಂದು ಚಿತ್ರ. ಚಿತ್ರದಲ್ಲಿ ದಾಸರ ಮುಖ ಥೇಟ್ ಚಿದಂಬರ ಮಾಸ್ತರರ ಹಾಗಿತ್ತು. ಮಂಗಳಕ್ಕೆ ಮೊದಲು ನಮ್ಮ ಮಂಡಳಿ ಆ ಹಾಡು ಹಾಡಬೇಕು. ಅದಕ್ಕೂ ಮೊದಲು ಮಾಸ್ತರರ ಉಪನ್ಯಾಸ.

"ಉರಿಯುವ ಮೀನು ಅಂದರ ಏನು? ಹಸಿವು, ತೃಷೆ ಗೆದ್ದ ದಾಸವರ್ಯರ ಆತ್ಮ!" ಎಂದು ಮಾಸ್ತರರು ಕೈ ಎತ್ತಿದಾಗ ಹಿಂದಿನ ಕಂಬದ ಬಳಿಯಿಂದ ಒಂದು ನಗು ಕೇಳಿತು. ತಿರುಗಿ ನೋಡಿದೆ. ಮಫ್ಲರ್ ಸುತ್ತಿಕೊಂಡ ಮುದುಕನೊಬ್ಬ ಪ್ರಸಾದದ ಸಂತ್ರಾ ಕೈಯಲ್ಲಿ ಹಿಡಿದು, ಹೆಗಲು ಕುಣಿಸುತ್ತಾ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಎದ್ದುಹೋಗಿ ತೋಳು ಹಿಡಿದು, ಹಿಂದಿನ ಅಡುಗೆಮನೆಗೆ ಕರೆತಂದೆ. ಹಾರ್ಮೋನಿಯಂ ಬಾರಿಸುವ ಮೃದುಲಾ ಕುತೂಹಲ ತಾಳಲಾರದೆ ನನ್ನ ಬೆನ್ನಿಗೇ ಬಂದಳು.

"ಏನ್ರೀ, ನಾಚಿಕಿ ಆಗೂದಿಲ್ಲೇನು? ದಾಸರ ಪುಣ್ಯತಿಥಿಯೊಳಗ ಹಿಂಗ ಹಲ್ಲು ಕಿಸಿತಾರೇನು?"

"ತಪ್ಪಾತ್ರಿ ಬಾಯಾರ." ಅವನು ಕಣ್ಣೊರೆಸಿಕೊಂಡ. "ಆದ್ರ ನನ್ನ ತಿಥಿ ಊಟಕ್ಕ ನಾನೇ ಬಂದೇನಿ. ನಗು ಹೆಂಗ ತಡಕೊಳ್ಳಲಿ?"

ಯಾವುದೋ ಹುಚ್ಚಿರಬೇಕು ಎಂದುಕೊಂಡೆ. ಅವನು ಹೆಸರು ಪಾಂಡುರಂಗ ಎಂದ. ಆರ್ಡನನ್ಸ್ ಫ್ಯಾಕ್ಟರಿಯಲ್ಲಿ ಕುಲುಮೆಯ ಕಡೆ ಇದ್ದು ನಿವೃತ್ತನಾದವನು, ಈಗ ಮಗಳ ಮನೆಯಲ್ಲಿದ್ದಾನೆ. ಮಂಡಳಿಯ ಹಾಡನ್ನು ಮೃದುಲಾ ಮೊಬೈಲಿನಲ್ಲಿ ಹರಿಬಿಟ್ಟಿದ್ದಳಲ್ಲ, ಅದು ಸುತ್ತಿ ಸುತ್ತಿ ಇವನ ಮಗಳ ಫೋನಿಗೆ ಬಂದಿತ್ತು.

"ನೀಲಿ ಕಿತ್ತಳೆ ದಾಸ ಅಲ್ರಿ, ನಮ್ಮ ಬ್ಯಾಂಡು. ನಾ ಹಾಡು ಬರದು ಹಾಡಾಂವ, ಶಿವಪ್ರಸಾದ್ ಗಿಟಾರು, ಉದಯ್ ಡ್ರಮ್ಮು. ಎಪ್ಪತ್ತನಾಕರಾಗ. ಸೈಕೆಡೆಲಿಕ್ ರಾಕ್ ಅಂತಿದ್ರು ಆವಾಗ. ಬಣ್ಣಬಣ್ಣದ ಅಂಗಿ, ಹೆಗಲಮಟ ಕೂದಲಾ. ದಾಸರ ಹಂಗ ನಮಗೂ ಒಂದು ಅಂಕಿತ ಇರ್ಲಿ ಅಂತ ಕಡಿಗೆ ಬ್ಯಾಂಡಿನ ಹೆಸರು ಹಾಕಿದ್ದೆ, ಬರೇ ಚಾಷ್ಟಿಗೆ."

"ರಾಕ್?" ಮೃದುಲಾ ಬಾಯಿ ತೆರೆದಳು. "ಕಾಕೂ, ಮ್ಹಣಜೆ, ಅಂದ್ರ ಇಷ್ಟ ವರ್ಷ ನಾವೆಲ್ಲಾ ರಾಕ್ ಹಾಡ್ತಿದ್ವಾ? ಭಾರೀ!"

"ಭಾರಿ ಇಲ್ಲ ಗೀರಿ ಇಲ್ಲ, ಸುಮ್ಮನಿರು." ನಾನು ಮುದುಕನ ಕಡೆ ತಿರುಗಿದೆ. "ಗಾಂಜಾ ಸೇದಿ ಬರದದ್ದೇನು ಇದನ್ನ?"

"ಗಾಂಜಾಕ್ಕ ರೊಕ್ಕ ಎಲ್ಲಿಂದ ತರೂದ್ರಿ? ನೈಟ್ ಶಿಫ್ಟ್! ಸಾಲಾಗಿ ನಾಕು ರಾತ್ರಿ ನಿದ್ದಿಗೆಟ್ಟು ಕುಲುಮಿಯೊಳಗ ನೋಡ್ರಿ, ಕರಗಿದ ಲೋಹ ಕೊಳ ಕಂಡಂಗ ಕಾಣತೈತಿ. ಮೀನೂ ಕಾಣತಾವು."

ಸಂಸಾರವೆಂಬ ಕೆಂಡ ಹೋಯಿತು, ಜೀವಾತ್ಮವೆಂಬ ಮೀನೂ ಹೋಯಿತು. ಒಳಗೆ ಮಾಸ್ತರರು ಇನ್ನೂ ದಾಸರನ್ನು ವಿದರ್ಭಕ್ಕೆ ನಡೆಸಿಕೊಂಡು ಬರುತ್ತಲೇ ಇದ್ದರು. ಈ ಮುದುಕ ಸುಳ್ಳು ಹೇಳುತ್ತಿರಲಿ ಎಂದು ಮನಸಾರೆ ಬೇಡಿಕೊಂಡೆ. ಮೂರನೆಯ ಸಾಲಾದ ಮೇಲೆ ಏನು ಬರುತ್ತದೆ ಹೇಳಿ ಎಂದೆ. ಅವನು ಪಾನಕದ ಪಾತೇಲಿಯ ತಳವನ್ನು ಅಂಗೈಯಿಂದ ಬಡಿದ. ಧಡ್ ಧಡ್ ತಕ. ಅತ್ತೆಯವರ ಕೈಯದೇ ಪೆಟ್ಟು.

"ಮತ್ತ ವಾಂವ್ ವಾಂವ್?" ಎಂದಳು ಮೃದುಲಾ.

"ಅದು ಶಿವಪ್ರಸಾದನ ಗಿಟಾರಿನ ಸದ್ದವ್ವಾ. ಕಾಲಾಗ ಪೆಡಲ್ ತುಳದ್ರ ಹಂಗ ಅಳತೈತಿ ಅದು. ಅಂಗಡ್ಯಾಗ ಅಂಥಾದ್ದು ಸಿಗತಿರಲಿಲ್ಲ. ನಾವೇ ಮಾಡಿಕೊಂಡ್ವಿ, ಮಗ್ಗಲ ಕ್ವಾರ್ಟರ್ಸಿನ ಬಾಯಾರು ಕೊಟ್ಟ ಹೊಲಿಗಿ ಮಷಿನ್ನಿನ ಪೆಡಲ್ಲಿಂದ."

ನಾನು ಅಲ್ಲೇ ಇದ್ದ ಅಕ್ಕಿಯ ಮೂಟೆಯ ಮೇಲೆ ಕೂತೆ.

"ಯಾವ ಬಾಯಾರು?"

"ಕೃಷ್ಣವೇಣಿಬಾಯಾರು."

ನಾನು ಸೊಸೆಯಾಗಿ ಬರುವ ಮೊದಲು, ಮಾವನವರು ಫ್ಯಾಕ್ಟರಿಯಲ್ಲಿದ್ದಾಗ, ಅತ್ತೆಯವರು ಅಲ್ಲಿನ ಕ್ವಾರ್ಟರ್ಸಿನಲ್ಲೇ ಇದ್ದರು. ಮೊದಲು ಬಂದದ್ದು ಸಿಟ್ಟೇ. ಸಿನಿಮಾ ಹಾಡಿಗೆ ಒಲೆಕಟ್ಟೆ ಕುಟ್ಟಿದ ಹೆಂಗಸು, ಉದ್ದ ಕೂದಲಿನ ಹುಡುಗರ ಬ್ಯಾಂಡಿಗೆ ಮಷಿನ್ನಿನ ಕಾಲನ್ನೇ ಕಿತ್ತು ಕೊಟ್ಟಿದ್ದಾಳೆ! ಆಮೇಲೆ ಅದೇ ಹಾಡನ್ನು ಮಡಿ ಉಡಿಸಿ ದೇವರಮನೆಗೆ ತಂದಿದ್ದಾಳೆ! ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗಂಡನ ಜೀವಕ್ಕಾಗಿ ಮೂಗಿನಲ್ಲಿ ಗಿಟಾರು ಬಾರಿಸಿದ್ದೆ.

"ಇವತ್ತು ಆ ಹಾಡು ಹಾಡೂದಿಲ್ಲ," ಎಂದೆ. "ಮೃದುಲಾ, ಬ್ಯಾರೆ ಪದ ತಗಿ."

ಪಾಂಡುರಂಗನ ನಗು ಅಲ್ಲಿಗೇ ನಿಂತಿತು. "ಹಂಗ ಮಾಡಬ್ಯಾಡ್ರಿ ಬಾಯಾರ. ನಾ ಯಾರಂತ ಹೇಳಬ್ಯಾಡ್ರಿ, ಸತ್ತಾಂವ ಸತ್ತೇ ಇರ್ತೀನಿ. ಆದ್ರ ಹಾಡ್ರಿ. ಮಂದಿ ಮುಂದ ಆ ಹಾಡು ಪೂರಾ ಆಗಿದ್ದು ನಾ ಒಮ್ಮಿನೂ ಕೇಳಿಲ್ಲ."

ಅವರ ಬ್ಯಾಂಡು ಹಾಡಿದ್ದು ಒಂದೇ ಸಂಜೆ, ಕಾಲೊನಿಯ ಗಣಪತಿ ಪೆಂಡಾಲಿನಲ್ಲಿ. ಬಲ್ಬಿಗೆ ನೀಲಿ ಜಿಲೇಟಿನ್ ಕಾಗದ ಕಟ್ಟಿ, ಅದರ ಕೆಳಗೆ ಒಂದು ಕಿತ್ತಳೆ ಇಟ್ಟಿದ್ದರು. ಕಿತ್ತಳೆ ನೀಲಿಯಾಗುವ ಬದಲು ಇದ್ದಿಲಿನ ಹಾಗೆ ಕಪ್ಪಗೆ ಕಂಡಿತು. ಜನ ನಕ್ಕರು. ಎರಡನೆಯ ಸಾಲಿಗೇ ಕೂಗಾಟ ಎದ್ದಿತು. ಯಾರೋ ಸಂತ್ರಾದ ಸಿಪ್ಪೆ ಎಸೆದರು, ಆಮೇಲೆ ಎಲ್ಲರೂ ಎಸೆದರು. ಉದಯ್‌ನ ಡ್ರಮ್ಮಿನ ಮೇಲೆ ಸಿಪ್ಪೆ ತುಂಬಿತು. ಬ್ಯಾಂಡು ಅಲ್ಲಿಗೇ ಮುಗಿಯಿತು. ಗೆಳೆಯರಿಬ್ಬರೂ ಈಗಿಲ್ಲ.

"ಆವತ್ತ ಒಬ್ಬಾಕಿ ಎದ್ದು ನಿಂತಳ್ರಿ," ಎಂದ ಮುದುಕ. "ಕೃಷ್ಣವೇಣಿಬಾಯಾರು. ಅಷ್ಟು ಮಂದಿಯೊಳಗ ಎದ್ದು ಒಂದು ಚಪ್ಪಾಳಿ ತಟ್ಟಿದ್ರು. ಒಂದೇ. ಎರಡನೇದು ತಟ್ಟೂದ್ರಾಗ ಅವರತ್ತಿ ಕೈ ಹಿಡದು ಜಗ್ಗಿ ಕೂಡಿಸಿಬಿಟ್ರು. ಮನಿಗೆ ಹೋದಮ್ಯಾಲೆ ಏನೇನು ಅಂದ್ರೋ ದೇವರಿಗೇ ಗೊತ್ತು. ಮರುದಿವ್ಸ ಬಾಯಾರು ಹಿತ್ತಲ ಗ್ವಾಡಿ ಹತ್ರ ಬಂದು, ಚಪ್ಪಾಳಿ ತಟ್ಟೂಹಂಗಿಲ್ಲ, ಆದ್ರ ಹಾಡು ನನ್ನ ಕಡೆ ಇರ್ತದ ಅಂದ್ರು. ನಾ ಅದನ್ನ ಸಮಾಧಾನದ ಮಾತು ಅಂತ ತಿಳಕೊಂಡಿದ್ದೆ."

ಅವನು ಮುಂದುವರಿಸಿದ.

"ಕಡೀ ಸಾಲು ಅವರದೇ ಐತ್ರಿ. ನಾ ಬರದಿದ್ದು 'ಊರೊಳಗೆ ಶಿಫ್ಟಿನ ಸೀಟಿ ಕೇಳಿದೆ' ಅಂತ. ಪೆಂಡಾಲಿಗಿಂತ ಮೊದಲ ನಾವು ಪ್ರಾಕ್ಟೀಸ್ ಮಾಡೂ ಮುಂದ, ಅವರು ಗ್ವಾಡಿ ಆಚೆ ಅರಿವಿ ಒಣಗಿಸಿಗೋತ, ಸೀಟಿ ಬ್ಯಾಡೋ, ಊರೆಲ್ಲ ತಿರುಗಿದೆ ನಾನೇ ಇಲ್ಲ ಅನ್ನು ಅಂದ್ರು. ಹೆಂಗ ಹೊಳೀತ್ರಿ ಬಾಯಾರ ಅಂದೆ. ಹೊಳಿಯೂದೇನದ, ದಿನಾ ನೋಡ್ತೀನಲ್ಲಾ ಅಂದ್ರು."

ಹಾಡುವಾಗ ಯಾವಾಗಲೂ ನಾನು ತಾಳ ತಪ್ಪುತ್ತಿದ್ದುದು ಅದೇ ಸಾಲಿಗೆ. ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಹೇಳಿಕೊಂಡದ್ದೂ ಅದನ್ನೇ. ಎಷ್ಟೋ ವರ್ಷ ಒಂದೇ ಅಡುಗೆಮನೆಯಲ್ಲಿ ಕೂಡಿ ದುಡಿದ ಹೆಂಗಸಿನ ಪರಿಚಯ ನನಗೆ ಈಗ, ಪಾನಕದ ಪಾತೇಲಿಯ ಪಕ್ಕದಲ್ಲಿ ಆಯಿತು. ಅತ್ತೆಯವರ ಮೇಲೆ ಅಷ್ಟು ಪ್ರೀತಿ ನನಗೆ ಅವರಿದ್ದಾಗ ಎಂದೂ ಉಕ್ಕಿರಲಿಲ್ಲ. ಅಳು ಬಂತು, ಅಳುವಿನ ಹಿಂದೆಯೇ ನಗು ಬಂತು. ಆ ನಗು ಮೃದುಲಾಳಿಗೆ ತಗುಲಿ, ಅವಳಿಂದ ಮುದುಕನಿಗೆ ತಗುಲಿ, ಮೂವರೂ ಪಾತ್ರೆ ಹಿಡಿದುಕೊಂಡು ನಕ್ಕೆವು.

ಮುದುಕ ತನ್ನ ಕಂಬದ ಬಳಿಗೆ ಮರಳಿ ಕೂತ. ನಾನು ವೇದಿಕೆಗೆ ಹೋಗಿ ಮಾಸ್ತರರ ಕೈಯಿಂದ ಮೈಕು ತೆಗೆದುಕೊಂಡೆ.

"ಎಲ್ಲಾರೂ ಕೇಳ್ರಿ. ದಾಸರು ದೇಹ ಬಿಟ್ಟಿಲ್ಲ. ಅಲ್ಲಿ ಕಂಬದ ಹತ್ರ ಕೂತು ಸಂತ್ರಾ ಸುಲೀಲಿಕ್ಕೆ ಹತ್ಯಾರ."

ಸಭೆಯೆಲ್ಲ ಹಿಂದಕ್ಕೆ ತಿರುಗಿತು. ಮುದುಕ ಸಂತ್ರಾದ ತೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದವನು ಹಾಗೇ ಕೈ ತಡೆದ. ನಾನು ಎಲ್ಲವನ್ನೂ ಹೇಳಿದೆ, ಬ್ಯಾಂಡು, ಕುಲುಮೆ, ಪೆಡಲ್ಲು, ಯಾವುದನ್ನೂ ಬಿಡಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ, ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತು. ಅಷ್ಟರಲ್ಲಿ ಒಬ್ಬ ಅಜ್ಜಿ ಹೋಗಿ ಪಾಂಡುರಂಗನ ಕಾಲಿಗೆ ಬಿದ್ದೂಬಿಟ್ಟರು. ಬ್ಯಾಂಡಾದರೇನು, ಇಷ್ಟು ದಿನ ಕೈ ಮುಗಿದದ್ದು ಸುಳ್ಳಾಗುತ್ತದೆಯೇ ಎಂದು ಅವರ ವಾದ.

ಚಿದಂಬರ ಮಾಸ್ತರರು ಬೆಳ್ಳಗಾಗಿದ್ದರು. "ಹಂಗಾರ ಆರಾಧನಿ ಗತಿ ಏನ್ರೀ ಶೈಲಜಾಬಾಯಿ?"

"ಮುಂದಿನ ಸಲದಿಂದ ಹುಟ್ಟಿದಹಬ್ಬ ಮಾಡ್ರಿ. ತಿಥಿನೂ ಹುಡುಕೂದು ಬ್ಯಾಡ, ಅವರನ್ನೇ ಕೇಳಿದ್ರಾತು."

ಮಾಸ್ತರರು ಸ್ವಲ್ಪ ಯೋಚಿಸಿದರು. "ಸಂತ್ರಾ ಸೀಜನ್ನಿನಾಗ ಬರತದೇನು ಕೇಳ್ರಿ," ಎಂದರು.

ಪಾಂಡುರಂಗನನ್ನು ಮುಂದಿನ ಸಾಲಿಗೆ ಕರೆತಂದು ಕೂರಿಸಿದೆವು. ನಾನು ತಾಳ ಎತ್ತಿಕೊಂಡೆ. ಹಾಡು ಬರೆದವರು ಪಾಂಡುರಂಗ ಮತ್ತು ಕೃಷ್ಣವೇಣಿ ಎಂದು ಮೈಕಿನಲ್ಲಿ ಹೇಳಿದೆ. ಆಮೇಲೆ ಹಾಡಿದೆವು, ಹಿಂದೆಂದೂ ಹಾಡದಂತೆ. ಧಡ್ ಧಡ್ ತಕಕ್ಕೆ ಸಭೆಯೇ ತೊಡೆ ತಟ್ಟಿತು. ವಾಂವ್ ವಾಂವ್ ಬಂದಾಗ ನಮ್ಮ ಮಂಡಳಿಯ ಗೌರವಸ್ಥ ಹೆಂಗಸರು, ಬ್ಯಾಂಕು ಶಾಲೆಗಳಲ್ಲಿ ದುಡಿದು ನಿವೃತ್ತರಾದವರು, ಕತ್ತು ತೂಗಿ, ಸೆರಗು ಜಾರಿದ್ದನ್ನೂ ಲೆಕ್ಕಿಸದೆ, ಮೂಗಿನಲ್ಲಿ ಶಿವಪ್ರಸಾದನ ಗಿಟಾರನ್ನು ಮಾಳಿಗೆಗೆ ಮುಟ್ಟಿಸಿದರು. ಮೃದುಲಾ ಹಾರ್ಮೋನಿಯಂ ಬಿಟ್ಟು ಎದ್ದೇ ನಿಂತಳು. ಗದರಿಸುವುದನ್ನು ಬಿಟ್ಟು ನಾನು ತಾಳ ಜೋರು ಮಾಡಿದೆ. ಕೊನೆಯ ಸಾಲಿಗೆ ಬಂದೆವು. ಊರೆಲ್ಲ ತಿರುಗಿದೆ, ನಾನೇ ಇಲ್ಲ. ಪಾಂಡುರಂಗನ ತುಟಿಯೂ ನಮ್ಮ ಜೊತೆ ಆಡುತ್ತಿತ್ತು.

ಹಾಡು ಮುಗಿಯಿತು. ನಾನು ಕಲಿಸಿದ ಹಾಗೆ ಎಲ್ಲರೂ ಕೈ ಮುಗಿದರು, ಕಣ್ಣು ಮುಚ್ಚಿದರು. ಕಣ್ಣು ತೆರೆದಿದ್ದವರು ನಾವಿಬ್ಬರೇ, ನಾನು ಮತ್ತು ಅವನು. ಅವನು ತಲೆಯನ್ನು ಸ್ವಲ್ಪ ತಗ್ಗಿಸಿ, ಎರಡೂ ಕೈಗಳನ್ನು ಮುಖದ ಮುಂದೆ ಅಡ್ಡ ಹಿಡಿದಿದ್ದ. ಸಿಪ್ಪೆ ಬೀಳುತ್ತದೆ ಎಂದು ಕಾಯುತ್ತಿದ್ದಾನೆ ಎಂದು ನನಗೆ ಆಗ ಹೊಳೆಯಿತು.

ತಾಳವನ್ನು ಕೆಳಗಿಟ್ಟು ಎದ್ದು ನಿಂತೆ. ಮೊದಲನೆಯದನ್ನು ಅತ್ತೆಯವರು ಆ ಗಣಪತಿ ಪೆಂಡಾಲಿನಲ್ಲೇ ತಟ್ಟಿದ್ದರು. ನಾನು ಎರಡನೆಯ ಚಪ್ಪಾಳೆ ತಟ್ಟಿದೆ.