ತುಳು ಬಲ್ಲ ಡಾಕ್ಟರೂ ಬನಿಯಾಸಿನ ಕ್ಲಿನಿಕ್ಕೂ

ಅಕ್ಕು ಅಮ್ಮನ ಇನ್ಶೂರೆನ್ಸ್ ಮುಗಿಯುತ್ತ ಬಂದಿತ್ತು. ಉಡುಪಿ ಕಡೆಯ ಈ ಅಮ್ಮ ಇರುವುದು ಅಬುಧಾಬಿಯ ಬನಿಯಾಸಿನಲ್ಲಿ, ಮಗ ಜಯಪಾಲನ ಮನೆಯಲ್ಲಿ. ವಯಸ್ಸಾಗಿದೆ, ಜೊತೆಗೆ ದಮ್ಮು ಬೇರೆ. ಹೊಸ ಪಾಲಿಸಿ ಆರಿಸುವ ತಲೆಬಿಸಿ ಜಯಪಾಲನದು. ಹಿರಿಯರನ್ನು ಇಲ್ಲಿಗೆ ಕರೆಸಿಕೊಂಡ ಯಾರನ್ನು ಬೇಕಾದರೂ ಕೇಳಿ, ಈ ತಲೆಬಿಸಿ ಅವರಿಗೆ ಗೊತ್ತು.

ಅಮ್ಮನದು ಒಂದೇ ಹಟ. "ದುಬೈಯ ಕರಾಮಾದಲ್ಲಿ ತುಳು ಮಾತಾಡುವ ಡಾಕ್ಟ್ರು ಇದ್ದಾರಲ್ಲ, ಅವರ ಕ್ಲಿನಿಕ್ ಇರುವ ಪಾಲಿಸಿಯೇ ಮಾಡು. ಇಲ್ಲಿಯವರ ಹತ್ರ ನಾನು ಎಂತ ಹೇಳುದು? ಬಾಯಿ ಮುಚ್ಚಿ ಕೂತು ಬರುದು."

ಕರಾಮಾಕ್ಕೆ ಗಂಟೆಗೂ ಹೆಚ್ಚಿನ ದಾರಿ, ಆದರೂ ಜಯಪಾಲ ಒಪ್ಪಿಬಿಟ್ಟ. ಪಾಪ, ತನ್ನ ನೋವನ್ನು ತನ್ನ ಭಾಷೆಯಲ್ಲಿ ಹೇಳಿಕೊಳ್ಳುವ ಆಸೆ ಆಕೆಗೆ. ಅದನ್ನು ತಪ್ಪು ಅನ್ನಲು ಯಾವ ಮಗನಿಗೆ ಮನಸ್ಸು ಬರುತ್ತದೆ?

ಕೆಳಗಿನ ಮನೆಯ ನ್ಯಾನ್ಸಿ ಮಂಗಳೂರಿನವಳು, ನರ್ಸ್. ಚಾ ಕುಡಿಯಲು ಬಂದವಳು ಕೇಳಿದಳು: "ಜಯಪಾಲಣ್ಣ, ಆ ಪಾಲಿಸಿಯ ಕಾರ್ಡ್ ಬನಿಯಾಸಿನಲ್ಲಿ ಯಾವ ಆಸ್ಪತ್ರೆಯಲ್ಲಿ ನಡೀತದೆ?"

"ಅದು ನೋಡಲಿಲ್ಲ ಮಾರಾಯ್ತಿ. ಶನಿವಾರ ಹೇಗೂ ದುಬೈಗೆ ಹೋಗ್ತೇವಲ್ಲ."

"ದಮ್ಮು ಶನಿವಾರದವರೆಗೆ ಕಾಯ್ತದಾ?"

"ಇವಳೊಬ್ಬಳು, ಎಲ್ಲದಕ್ಕೂ ಹೆದರಿಸುದು," ಎಂದು ಅಮ್ಮ ಮುಖ ತಿರುಗಿಸಿದರು.

ಆ ವಾರವೇ ಧೂಳಿನ ಗಾಳಿ ಎದ್ದಿತು. ಮಧ್ಯಾಹ್ನ ಅಮ್ಮನಿಗೆ ಉಸಿರು ಸಿಕ್ಕಿಕೊಂಡಿತು. ಮಾತಿಲ್ಲ, ಕಣ್ಣಲ್ಲಿ ನೀರು. ಜಯಪಾಲ ಕೆಳಗಿನ ಮನೆಗೆ ಕೇಳುವಂತೆ ನ್ಯಾನ್ಸಿಯನ್ನು ಕೂಗಿದ. ಅವಳು ಓಡಿಬಂದು ಇಬ್ಬರನ್ನೂ ಹಿಂದಿನ ಬೀದಿಯ ಕ್ಲಿನಿಕ್ಕಿಗೆ ಕರೆದೊಯ್ದಳು. ಹಳೆಯ ಕಾರ್ಡ್ ಇನ್ನೂ ನಡೆಯುತ್ತಿತ್ತು. ಈಜಿಪ್ಟಿನ ಡಾಕ್ಟರು ಅಮ್ಮನ ಎದೆಗೆ ಸ್ಟೆತೊಸ್ಕೋಪ್ ಇಟ್ಟರು, ಮುಖಕ್ಕೆ ಮಾಸ್ಕ್ ಹಾಕಿಸಿ ಔಷಧಿಯ ಹಬೆ ಕೊಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಉಸಿರು ಹಗುರಾಯಿತು.

ಆಮೇಲೆ ಜಯಪಾಲ ಫೋನಿನಲ್ಲಿ ಹುಡುಕಿ ನೋಡಿದ. ತಾನು ಮಾಡಲು ಹೊರಟಿದ್ದ ಪಾಲಿಸಿಯಲ್ಲಿ ಈ ಕ್ಲಿನಿಕ್ ಇರಲಿಲ್ಲ. ಹತ್ತಿರದ್ದು ಇನ್ನೊಂದೂ ಇರಲಿಲ್ಲ. ಫೋನನ್ನು ನ್ಯಾನ್ಸಿಗೆ ತೋರಿಸಿದ.

ನ್ಯಾನ್ಸಿ ಬೈಯಲಿಲ್ಲ. "ಹತ್ತಿರದ ಆಸ್ಪತ್ರೆ ಇರುವ ಪಾಲಿಸಿ ನೋಡಿ. ಮೊದಲೇ ಇರುವ ಕಾಯಿಲೆಗೆ ಎಷ್ಟು ಸಮಯ ಕಾಯಬೇಕು, ದಿನಾ ತೆಗೊಳ್ಳುವ ಔಷಧಿಗೆ ನಾವೆಷ್ಟು ಕೊಡಬೇಕು, ಅದನ್ನೂ ಕೇಳಿ. ದಮ್ಮು ಉಂಟು ಅನ್ನೋದನ್ನು ಮುಚ್ಚಿಡಬೇಡಿ, ಮತ್ತೆ ನಮಗೇ ತೊಂದರೆ."

ಜಯಪಾಲ ಅಮ್ಮನ ಕೈ ಹಿಡಿದ. "ಆದ್ರೆ ಅಮ್ಮ, ಇಲ್ಲಿಯ ಡಾಕ್ಟ್ರಿಗೆ ತುಳು ಬರುದಿಲ್ಲ."

"ಆಗ ನನಗೂ ಬರ್ಲಿಲ್ಲ ಮಗಾ. ಮಾತಾಡ್ಲಿಕ್ಕೆ ಉಸಿರೇ ಇರ್ಲಿಲ್ಲ. ಹತ್ತಿರದ್ದೇ ಮಾಡು," ಎಂದರು ಅಮ್ಮ.

ನಿಮ್ಮ ಮನೆಯಲ್ಲೂ ಹಿರಿಯರಿದ್ದಾರೆಯೇ? ಹಾಗಾದರೆ ಗೆಳೆಯರು ಹೊಗಳಿದರೆಂದು, ಪರಿಚಯದ ಡಾಕ್ಟರಿದ್ದಾರೆಂದು ಪಾಲಿಸಿ ಮಾಡಬೇಡಿ. ಈಗ, ಈ ಗಳಿಗೆಯಲ್ಲಿ ಅವರಿಗೆ ಉಸಿರು ಕಟ್ಟಿದರೆ ಈ ಕಾರ್ಡ್ ಹಿಡಿದು ಎಲ್ಲಿಗೆ ಓಡುತ್ತೀರಿ? ಆ ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ.